ಗುರೆಳ್ಳಿನ ಜೊತೆ ಬೆರೆತ ಹಿಕ್ಕೆ

ಕಳೆದ ಭಾನುವಾರ ನಾನು ಹುಳದ ಹಿಕ್ಕೆಯ ಚಟ್ನಿ ತಿನ್ನುವುದು ಸ್ವಲ್ಪದರಲ್ಲೇ ತಪ್ಪಿತು. (ನಗಬೇಡಿ, ತಪ್ಪು ನನ್ನದೇ.)

ಗೊಳಸಂಗಿಯ ಗೆಳತಿ ಜೈತುನ್ ಊಟಕ್ಕೆ ಕರೆದಿದ್ದಳು. ಮಾಳಿಗೆಯ ಮೇಲೆ ಎರಡು ತಟ್ಟೆಗಳಲ್ಲಿ ಚಟ್ನಿಯ ಗುರೆಳ್ಳು, ಕರಿ ಕಾಳು, ಒಣಗುತ್ತಿತ್ತು. ನಾಲ್ಕು ಹನಿ ಮಳೆ ಬಿತ್ತು. ಯಾರೂ ಹೇಳದಿದ್ದರೂ ನಾನೇ ಓಡಿದೆ. ಎರಡನ್ನೂ ಒಂದೇ ತಟ್ಟೆಗೆ ಸುರಿದುಕೊಂಡು ಇಳಿದೆ. ಜೈತುನ್ ಹಂಚು ಕಾಯಿಸಿ ಹುರಿಯಲು ಕೂತಳು.

"ಅಮ್ಮಾ, ಹಂಚು ಇಳಸ! ಅದರಾಗ ನನ್ನ ಹುಳದ ಹಿಕ್ಕಿ ಐತಿ!"

ಬಾಗಿಲಲ್ಲಿ ನಿಂತು ಚೀರಿದವಳು ಮಗಳು ನಸೀಮಾ. ಎಂ.ಎಸ್ಸಿ. ಓದುತ್ತಾಳೆ. ಎಕ್ಕೆಯ ಎಲೆಯಲ್ಲಿ ವಿಷವಿದೆ. ಅದನ್ನೇ ತಿಂದು ಚಿಟ್ಟೆಯ ಹುಳ ಕೊಬ್ಬುತ್ತದೆ. ತಿಂದ ವಿಷ ಮೈಯಲ್ಲಿ ಎಷ್ಟು ಉಳಿಯಿತು, ಹೊರಗೆ ಎಷ್ಟು ಬಂತು? ಎಲೆಯನ್ನೂ ಹಿಕ್ಕೆಯನ್ನೂ ಲ್ಯಾಬಿನಲ್ಲಿ ಪರೀಕ್ಷಿಸಿ ಹೋಲಿಸಿದರೆ ಗೊತ್ತಾಗುತ್ತದಂತೆ. ಎರಡನೆಯ ತಟ್ಟೆಯಲ್ಲಿದ್ದದ್ದು ಹದಿನೈದು ದಿನ ಕೂಡಿಸಿದ ಆ ಹಿಕ್ಕೆ. ಒಣಗಿದರೆ ಥೇಟ್ ಗುರೆಳ್ಳು! ಮಂಗಳವಾರ ಲ್ಯಾಬಿಗೆ ಒಯ್ಯಬೇಕಿತ್ತು. ಬೆರೆತು ಬಿಸಿಯಾದದ್ದು ಅಲ್ಲಿ ನಡೆಯುವುದಿಲ್ಲ.

"ಬೈಯವಾ ನನಗ," ಎಂದೆ.

"ಇರ್ಲಿ ಬಿಡ್ರಿ ಕಾಕು. ಒಂದು ಹುಳ ಇನ್ನೂ ತಿನ್ನಾಕತ್ತೈತಿ. ಉಳಿದಾವೆಲ್ಲ ಕೋಶ ಕಟ್ಟ್ಯಾವ, ಇನ್ನ ತಿನ್ನೂದಿಲ್ಲ."

ಅಷ್ಟೇ. ಸಿಟ್ಟು ನುಂಗಿಕೊಂಡಳು. ನನಗೆ ನಾಚಿಕೆಯಾಯಿತು.

ಮಳೆ ನಿಂತಿತ್ತು. ಪಡಸಾಲೆಯಲ್ಲಿ ಮೂವರೂ ಹುಳದ ಡಬ್ಬಿಯ ಸುತ್ತ ಕೂತೆವು. ಪಟ್ಟೆಪಟ್ಟೆಯ ಹುಳ ಎಲೆಯ ಅಂಚನ್ನು ನಿಧಾನವಾಗಿ ಕತ್ತರಿಸುತ್ತಾ ಹೋಯಿತು. ಕೆಳಗಿನ ಬಿಳಿ ಕಾಗದದ ಮೇಲೆ ಟಪ್ ಎಂದು ಹಿಕ್ಕೆಯ ಒಂದು ಕಾಳು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಬಾಗೇವಾಡಿಯ ಬಸ್ಸು ಹೋದ ಸದ್ದು ಕನಸಿನಲ್ಲಿ ಕೇಳಿದಂತಿತ್ತು. ನಾನು ಹತ್ತಬೇಕಾದ ಬಸ್ಸೇ ಅದು, ಏಳಲು ಮನಸ್ಸಾಗಲಿಲ್ಲ. ಜನ್ಮದಲ್ಲಿ ಯಾರ ಹೊಟ್ಟೆಗಾಗಿಯೂ ನಾನು ಇಷ್ಟು ಬೇಡಿಕೊಂಡಿರಲಿಲ್ಲ.

"ಲ್ಯಾಬಿಗೆ ಇದೊಂದರದು ಸಾಕಾಗ್ತೈತೇನವಾ?"

"ನೋಡೂಣ್ರಿ. ಅದು ತಿಂದಷ್ಟು ನಮ್ಮ ನಸೀಬ."

ಟಪ್.

ಸಹಾಯ ಮಾಡಲು ಹೋಗಿ ನಾನು ಇಂಥದ್ದು ಎಷ್ಟು ಮನೆಗಳಲ್ಲಿ ಮಾಡಿದ್ದೇನೋ! ಎಲ್ಲರೂ ಹೀಗೇ ಬೈಯದೆ ಕಳಿಸಿದ್ದಾರೆ. ಎಲೆಯ ವಿಷ ಎಲ್ಲಿ ಹೋಯಿತೆಂದು ನಸೀಮಾಳ ಲ್ಯಾಬು ಹೇಳೀತು.

ನನಗೆ ಇಷ್ಟು ವರ್ಷ "ಇರ್ಲಿ ಬಿಡ್ರಿ" ಎಂದವರೆಲ್ಲ ತಮ್ಮ ಸಿಟ್ಟನ್ನು ಎಲ್ಲಿ ಇಟ್ಟುಕೊಂಡಿದ್ದಾರೆ?