ಹೋದ ವರ್ಷದ ಜ್ವರ

"ಈ ಮಗೂಗೆ ಮುಂಚೆ ಯಾವಾಗಾದ್ರೂ ಡೆಂಗಿ ಬಂದಿತ್ತಾ?"

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ರಿಪೋರ್ಟ್ ಹಿಡಿದು ಕೇಳಿದಾಗ ನನ್ನ ತಂಗಿ ರತ್ನ ಆಣೆ ಇಟ್ಟಂತೆ ಹೇಳಿದಳು: "ನಮ್ಮನೇಲಿ ಅಂಥಾದ್ದೆಲ್ಲ ಇಲ್ಲಮ್ಮ!"

(ಕಾಯಿಲೆ ಅಂದ್ರೆ ನಮ್ಮವರಿಗೆ ಮನೆತನದ ಮರ್ಯಾದೆ ಪ್ರಶ್ನೆ.)

ರತ್ನಳ ಕಿರಿ ಮೊಮ್ಮಗಳು ಹಂಸಳಿಗೆ ಆರು ವರ್ಷ; ಅವಳ ಅಕ್ಕ ಊರಲ್ಲೇ ಉಳಿದಿದ್ದಳು. ಮೂರು ದಿನದಿಂದ ಜ್ವರ. ಟೆಸ್ಟ್ ಮಾಡಿದರೆ ಡೆಂಗಿ. ಜೊತೆಗೆ ಇನ್ನೊಂದು ಸಾಲು: ಹಳೇ ಡೆಂಗಿಯ ಪ್ರತಿಕಾಯಗಳೂ ರಕ್ತದಲ್ಲಿವೆ.

ಮಗುವಿನ ತಾಯಿ ಲತಾ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ, ಹೋದ ವರ್ಷ ಹುಳ ಹಣ್ಣಾದಾಗ ನಾಲ್ಕು ದಿನ ಮಲಗಿದ್ಲಲ್ಲ?"

(ಹಣ್ಣಾಗೋದು ಅಂದ್ರೆ ರೇಷ್ಮೆಹುಳ ಗೂಡು ಕಟ್ಟೋಕೆ ತಯಾರಾಗೋದು. ಆಗ ಮನೆಮಂದಿಗೆ ಊಟಕ್ಕೂ ಪುರುಸೊತ್ತಿರಲ್ಲ.)

"ಹುಳ ಆರಿಸ್ತಿದ್ವಾ, ಇವಳ ಹಣೆ ಮುಟ್ಕೊಂಡು ಕೂತಿರೋಕಾಗ್ತಿತ್ತಾ? ಕಷಾಯ ಕುಡಿಸ್ದೆ, ವಾಸಿ ಆಯ್ತು!" ಅಂದಳು ರತ್ನ.

ಶಿಡ್ಲಘಟ್ಟದ ಕಡೆ ಹುಳ ಸಾಕೋ ಮನೆ ಕಂಡವರಿಗೆ ಗೊತ್ತು. ಸೊಳ್ಳೆ ಬತ್ತಿ ಹಚ್ಚಂಗಿಲ್ಲ. ಹೊಗೆ ಮೆಷಿನ್‌ನವರು ಬಂದರೆ ಬೀದಿ ಕೊನೇಲೇ ಕೈ ಮುಗಿದು ಕಳಿಸ್ತಾರೆ. ಹುಳ ಸಾಯುತ್ತಲ್ಲ! ತಪ್ಪು ಅನ್ನೋಕಾಗುತ್ತಾ? ಅನ್ನ ಕೊಡೋ ಹುಳ.

ಡಾಕ್ಟರಮ್ಮ ಬೈಯಲಿಲ್ಲ. ಬಿಡಿಸಿ ಹೇಳಿದರು. ಡೆಂಗಿಯಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಮೈ ಅದಕ್ಕೆ ಕಾವಲು ಹಾಕುತ್ತೆ. ಬೇರೆ ಬಗೆಯದು ಬಂದಾಗ ಆ ಹಳೇ ಕಾವಲುಗಾರರೇ ಕೆಲವೊಮ್ಮೆ ಅದನ್ನ ಕೈ ಹಿಡಿದು ಒಳಕ್ಕೆ ಕರೀತಾರೆ. ಹಾಗಾಗಿ ಎರಡನೇ ಸಲ ಜಾಸ್ತಿ ಹುಷಾರಾಗಿರಬೇಕು. ಅದೂ ಜ್ವರ ಬಿಟ್ಟ ಮೇಲೆ. ಅದಕ್ಕೇ ಮಗೂನ ಅಡ್ಮಿಟ್ ಮಾಡ್ಕೊಂಡರು.

ಮಾರನೇ ದಿನ ಜ್ವರ ಬಿಡ್ತು. ರತ್ನ ಬ್ಯಾಗ್ ಕಟ್ಟೇಬಿಟ್ಟಳು. "ಮೈ ತಣ್ಣಗಿದೆ ಕಣಣ್ಣ, ಹೊರಡಣ. ಮನೇಲಿ ಹುಳಕ್ಕೆ ಸೊಪ್ಪು ಹಾಕೋರಿಲ್ಲ."

"ಡಾಕ್ಟರಮ್ಮ ಅಷ್ಟು ಹೇಳಿದ್ದು ಗೋಡೆಗಾ? ಕೂತ್ಕೊಳ್ಳೇ" ಅಂದೆ.

ಮುನಿಸಿಕೊಂಡೇ ಕೂತಳು. ಮಧ್ಯಾಹ್ನ ಮಗು ಹೊಟ್ಟೆ ಹಿಡ್ಕೊಂಡು ವಾಂತಿ ಮಾಡ್ತು. ಒಂದಲ್ಲ, ಮೂರು ಸಲ. ಕೈಕಾಲು ಐಸ್. ನರ್ಸ್ ಓಡಿ ಬಂದು ಡ್ರಿಪ್ ಏರಿಸಿದರು. ಆ ಹೊತ್ತಿಗೆ ಬಸ್ಸಲ್ಲಿದ್ದಿದ್ರೆ? ರತ್ನ ಕಟ್ಟಿದ ಬ್ಯಾಗ್ ತಾನೇ ಬಿಚ್ಚಿಟ್ಟಳು.

ಎರಡು ದಿನ ಕಳೆದ ಮೇಲೆ ಹಂಸ ಇಡ್ಲಿ ಕೇಳಿದಳು. ಚಟ್ನಿ ಖಾರ ಅಂತ ಅಜ್ಜಿಗೇ ಬೈದಳು. ಸದ್ಯ, ಗೆದ್ದೆವು ಅಂದುಕೊಂಡೆವು.

ಡಿಸ್ಚಾರ್ಜ್ ಬರೀತಾ ಡಾಕ್ಟರಮ್ಮ ತಲೆ ಎತ್ತಿದರು. "ಇವಳಿಗೊಬ್ಬ ಅಕ್ಕ ಇದ್ದಾಳಲ್ವಾ? ಹೋದ ವರ್ಷ ಅವಳಿಗೂ ಜ್ವರ ಬಂದಿತ್ತಾ? ಬಂದಿದ್ರೆ ಅವಳ ವಿಷಯದಲ್ಲೂ ಹೀಗೇ ಹುಷಾರಾಗಿರಬೇಕು."

ರತ್ನ ಲತಾ ಮುಖ ನೋಡಿದಳು. ಲತಾ ನನ್ನ ಮುಖ ನೋಡಿದಳು.

ನಾನು ಯಾರ ಮುಖ ನೋಡಲಿ, ಹೇಳಿ?