ಮಾವನ ಕೈಗೆ ಸಿಕ್ಕ ಕಬ್ಬು

ಮೋಟರ್‌ಸೈಕಲ್ ಓಡಿಸುವುದನ್ನು ನನಗೆ ಕಲಿಸಿದವರು ಸೋದರಮಾವ. ತೊಂಬತ್ತರ ದಶಕದಲ್ಲಿ, ಕಬ್ಬಿನ ಹಂಗಾಮಿನ ಒಂದು ದಿನ, ಅವರನ್ನು ಹಿಂದೆ ಕೂರಿಸಿಕೊಂಡು ಕಬ್ಬೂರಿನಿಂದ ಚಿಕ್ಕೋಡಿಗೆ ಹೊರಟಿದ್ದೆ. ದಾರಿಯುದ್ದಕ್ಕೂ ಉಪದೇಶ: "ದೊಡ್ಡ ಗಾಡಿ ಸನೇಕ ಹೋಗಬ್ಯಾಡ. ರೋಡಿನ ಮ್ಯಾಲ ಆಸೆ ಮಾಡಬಾರದು."

ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಕಂಡಿತು. ಓಡುವ ಟ್ರೇಲರಿನಿಂದ ಕಬ್ಬು ಎಳೆದುಕೊಳ್ಳುವುದು ನಮ್ಮ ಕಡೆ ಕಳ್ಳತನವಲ್ಲ, ಜನ್ಮಸಿದ್ಧ ಹಕ್ಕು. ಸ್ವಂತ ಹೊಲದ ತುಂಬ ಕಬ್ಬು ನಿಂತಿದ್ದ ಮಾವನಿಗಂತೂ ತಡೆಯಲಾಗಲಿಲ್ಲ.

"ಬಾಜೂಕ ತಗೋಲೇ!"

ತಗೊಂಡೆ. ಅವರು ಒಂದು ಕಬ್ಬು ಹಿಡಿದು ಜಗ್ಗಿದರು. ಹೊರೆ ಬಿಗಿಯಾಗಿ ಕಟ್ಟಿದ್ದರು, ಕಬ್ಬು ಬರಲಿಲ್ಲ, ಮಾವನೂ ಬಿಡಲಿಲ್ಲ. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. ಹೆದರಿ ರೇಸ್ ಕೊಟ್ಟೆ.

ಗಾಡಿ ಹೂವಿನ ಹಾಗೆ ಹಗುರಾಗಿ ಹಾರಿತು. ಕಡೆಗೂ ಕಲಿತುಬಿಟ್ಟೆ ಎಂದು ಹಿಗ್ಗಿದೆ. ಎಷ್ಟು ಹೊತ್ತಾದರೂ ಹಿಂದಿನಿಂದ ಬೈಗುಳ ಬರದಿದ್ದಾಗ ಅನುಮಾನವಾಗಿ ತಿರುಗಿ ನೋಡಿದೆ. ಮಾವ ನಡುರಸ್ತೆಯಲ್ಲಿ ಕುಳಿತಿದ್ದರು, ಕೈಯಲ್ಲಿ ಕಬ್ಬು. ಅವರ ಹಿಂದೆ ನಿಂತ ಬಸ್ಸಿನ ಕಿಟಕಿಗಳ ತುಂಬ ತಲೆಗಳು.

ನಾನು ಗಾಡಿ ತಿರುಗಿಸಿಕೊಂಡು ಬಂದಾಗ ಬಸ್ಸಿನ ಡ್ರೈವರ್ ಕೇಳುತ್ತಿದ್ದ: "ಇಂವಗ ಗಾಡಿ ಕಲಿಸಿದ ಮಂಗ್ಯಾ ಯಾಂವರಿ?"

"ಇವರಪ್ಪ," ಎಂದರು ಮಾವ, ಕಬ್ಬಿನ ಸಿಪ್ಪೆ ಉಗುಳುತ್ತ.

ನಮ್ಮಪ್ಪನಿಗೆ ಸೈಕಲ್ಲೂ ಬರುತ್ತಿರಲಿಲ್ಲ.