ಜುಬ್ಬಾ ಮೂಸಿ ಕೂಡಿಸಿದ ಅತ್ತರು

ಬ್ಯಾಡಗಿಯಲ್ಲಿ ಅತ್ತರಿನ ಅಂಗಡಿ ಇಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ಸುಗ್ಗಿಯ ಕಾಲದಲ್ಲಿ ಈ ಊರಿಗೆ ಬಂದವರು ಬಸ್ಸಿಳಿದು ಮೊದಲು ಸೀನುತ್ತಾರೆ, ಆಮೇಲೆ ಊರು ನೋಡುತ್ತಾರೆ. ಮೆಣಸಿನಕಾಯಿಯ ಘಾಟು ಬಾಗಿಲು ಹಾಕಿದರೂ ಒಳಗೆ ಬಂದು ಉಣ್ಣುವ ತಾಟಿನ ಮುಂದೆ ಕೂರುತ್ತದೆ. ಅಂಥ ಊರಿನಲ್ಲಿ ಶಮಶೇರಸಾಬ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮಂಚದಷ್ಟು ಅಗಲದ ಅಂಗಡಿ ಇಟ್ಟು, ಸಾಯುವವರೆಗೂ ಅತ್ತರು ಮಾರಿದ.

ಮಲ್ಲಿಗೆ, ಗುಲಾಬಿಯ ಶೀಶೆಗಳೆಲ್ಲ ಹೊರಗಿನಿಂದ ತರಿಸಿದವು. ಊದು-ಲಾವಂಚ ಮಾತ್ರ ಅವನ ಸ್ವಂತ ಕೈಗುಣ. ಊದಿನ, ಅಂದರೆ ಅಗರು ಮರದ, ಎಣ್ಣೆ ಮುಂಬಯಿಯಿಂದ ಬರುತ್ತಿತ್ತು, ಲಾವಂಚದ ಬೇರು ಗಳಗನಾಥದ ಹೊಳೆದಂಡೆಯಿಂದ. ಬೇರನ್ನು ಹಿತ್ತಲಿನ ತಾಮ್ರದ ಹಂಡೆಯಲ್ಲಿ ಕುದಿಸಿ, ಆವಿಯನ್ನು ತಣಿಸಿ, ಮೇಲೆ ತೇಲುವ ಎಣ್ಣೆಯನ್ನು ತೆಗೆಯುತ್ತಿದ್ದ. ಎರಡನ್ನೂ ಕೂಡಿಸಿದರೆ ಮಳೆ ಬಿದ್ದ ಎರೆಹೊಲ ಮತ್ತು ಹಳೆಯ ಮರದ ಪೆಟ್ಟಿಗೆ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ಶುಕ್ರವಾರದ ನಮಾಜಿಗೆ ಹೋಗುವವರು ಅದರ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಹಾವೇರಿ, ರಾಣೇಬೆನ್ನೂರಿನಿಂದಲೂ ಗಿರಾಕಿಗಳು ಬರುತ್ತಿದ್ದರು. ಜಾತಿ ಕೇಳುವ ವಸ್ತುವಲ್ಲವಲ್ಲ ಅದು, ಮೆಣಸಿನಕಾಯಿಯ ಸಾಹುಕಾರರಿಗೂ ಅದೇ ಬೇಕು.

ಕೂಡಿಸುವ ಅಳತೆಯನ್ನು ಅವನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟನೆಂದಲ್ಲ, ಕೇಳಿದವರೇ ಇರಲಿಲ್ಲ. ಹೆಂಡತಿ ಖತೀಜಾಬಿ ಬೇರು ತೊಳೆದು, ಹಂಡೆಯ ಕೆಳಗೆ ಉರಿ ಹಾಕಿ ತನ್ನ ಪಾಡಿಗೆ ಒಳಗೆ ಹೋಗುತ್ತಿದ್ದಳು. ಮಗ ಶಾನವಾಜ ರಾಣೇಬೆನ್ನೂರಿನಲ್ಲಿ ಮೊಬೈಲ್ ರಿಪೇರಿಗೆ ಹೋಗುತ್ತಿದ್ದ. ಅತ್ತರು ಮುದುಕರ ಸಾಮಾನು ಎಂದು ಅವನ ಲೆಕ್ಕ.

ಹೋದ ವರ್ಷ ಎದೆನೋವೆಂದು ಮಲಗಿದ ಶಮಶೇರಸಾಬ ಏಳಲಿಲ್ಲ. ಹೆಣಕ್ಕೆ ಹೊದಿಸುವ ಕಫನಿಗೆ ಅತ್ತರು ಹಚ್ಚಿ ಕಳಿಸುವುದು ರೂಢಿ. ಹಿರಿಯರು ಕೇಳಿದ ಕೂಡಲೇ ಖತೀಜಾಬಿ ಹಿಂದೆಮುಂದೆ ನೋಡದೆ ಊದು-ಲಾವಂಚದ ಶೀಶೆ ತೆಗೆದುಕೊಟ್ಟಳು. ಗಂಡನಿಗಿಲ್ಲದ ಅತ್ತರು ಇನ್ಯಾರಿಗೆ? ಅದೇ ಕೊನೆಯ ಶೀಶೆ ಎಂಬುದು ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದು ಅಂಗಡಿಯ ಬಾಗಿಲು ತೆಗೆದ ದಿನ ಗೊತ್ತಾಯಿತು. ಕಪಾಟಿನಲ್ಲಿ ಹನಿ ಇರಲಿಲ್ಲ, ಗಿರಾಕಿಗಳು ಬಂದು ಬರಿಗೈಲಿ ಹೋದರು.

ಶಾನವಾಜ ಕೆಟ್ಟ ಹುಡುಗನಲ್ಲ. ಅಪ್ಪನ ಅತ್ತರೇ ಇಲ್ಲದ ಮೇಲೆ ಈ ಅಂಗಡಿಯನ್ನು ಯಾರಿಗಾಗಿ ತೆಗೆಯುವುದು, ಕಪಾಟು ಕಿತ್ತು ಮೊಬೈಲಿನ ಅಂಗಡಿ ಮಾಡೋಣ ಎಂದು ಮೆಲ್ಲಗೇ ಕೇಳಿದ. ರಂಜಾನ್ ಬರುವವರೆಗೆ ತಡಿ, ಅಷ್ಟರಲ್ಲಿ ನಾನೇ ಕೂಡಿಸುತ್ತೇನೆ ಅಂದಳು ಖತೀಜಾಬಿ. ಅವನು ನಗಲಿಲ್ಲ, ನಂಬಲೂ ಇಲ್ಲ.

ಅವಳ ಹತ್ತಿರ ಒಂದು ನಮೂನೆ ಇತ್ತು. ಟ್ರಂಕಿನಲ್ಲಿ ಒಗೆಯದೆ ಇಟ್ಟ ಗಂಡನ ಜುಬ್ಬಾ. ಜುಬ್ಬಾ ಮೂಸುವುದು, ಊದು ಹಾಕುವುದು. ಮತ್ತೆ ಮೂಸುವುದು, ಲಾವಂಚ ಹಾಕುವುದು. ಕೆಲವೇ ದಿನಗಳಲ್ಲಿ ಒಂದು ಶೀಶೆ ಬಹಳ ಹತ್ತಿರ ಬಂತು, ಆದರೆ ಏನೋ ಕಡಿಮೆ. ಅದನ್ನು ಮೂಲೆಗಿಟ್ಟು ಜುಬ್ಬಾವನ್ನು ಮುಖಕ್ಕೆ ಒತ್ತಿಕೊಂಡಳು. ಏನೋ ಒಣಗಿದ್ದು, ಬೆಚ್ಚಗಿನದು, ಸ್ವಲ್ಪ ಘಾಟಿನದು. ಬ್ಯಾಡಗಿಯ ಹೆಣ್ಣಿನ ಕೈ ಇನ್ನೆಲ್ಲಿಗೆ ಹೋದೀತು? ಮೆಣಸಿನಕಾಯಿಯ ಸಿಪ್ಪೆ ನೆನೆಹಾಕಿದ ಎಣ್ಣೆಯನ್ನು ಬೆರೆಸಿ ಕಿವಿಯ ಹಿಂದೆ ಹಚ್ಚಿಕೊಂಡಳು. ಆಮೇಲೆ ಕಿವಿಗೆ ಮೊಸರು ಬಳಿದುಕೊಂಡು ಸಂಜೆತನಕ ಕೂತಳು, ಕೇಳಿದವರಿಗೆ ಕಿವಿನೋವು ಎಂದಳು.

ಮುಂದಿನ ಸಲ ಜಾಣತನ ಬಂತು. ಮಾರುಕಟ್ಟೆಯಲ್ಲಿ ಹೆಂಗಸರು ಮೆಣಸಿನಕಾಯಿಯಿಂದ ಮುರಿದು ಚೆಲ್ಲುವ ಒಣ ತೊಟ್ಟುಗಳನ್ನು ತಂದು ನೆನೆಹಾಕಿ, ಅದರ ಎಣ್ಣೆಯನ್ನು ಒಂದೇ ಹನಿ ಬಿಟ್ಟಳು. ಉರಿಯಲಿಲ್ಲ. ಮೂಸಿದಳು. ಜುಬ್ಬಾ ಯಾವುದು, ಶೀಶೆ ಯಾವುದು ತಿಳಿಯದಂತಾಯಿತು. ನೆಲದ ಮೇಲೆ ಕೂತು ಒಬ್ಬಳೇ ಅತ್ತಳು, ಸಂತೋಷಕ್ಕೆ.

ಪರೀಕ್ಷೆಗೆ ಕರೆಸಿದ್ದು ವಿರೂಪಾಕ್ಷಪ್ಪನನ್ನು. ಮೆಣಸಿನಕಾಯಿಯ ದಲಾಲಿ ಅಂಗಡಿಯ ಯಜಮಾನ, ಶಮಶೇರಸಾಬನ ಹಳೆಯ ದೋಸ್ತ, ಊದು-ಲಾವಂಚ ಇಲ್ಲದೆ ಮನೆಯಿಂದ ಹೊರಬೀಳದ ಮನುಷ್ಯ. ಅವನು ಹೌದೆಂದರೆ ಊರು ಹೌದೆನ್ನುತ್ತದೆ. ಅವನು ಹತ್ತಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡ. ಶಾನವಾಜ ಬಾಗಿಲಲ್ಲಿ ನಿಂತಿದ್ದ.

“ತಂಗಿ, ಇದು ಶಮಶೇರಸಾಬನ ಅತ್ತರ ಅಲ್ಲ,” ಅಂದ ವಿರೂಪಾಕ್ಷಪ್ಪ.

ಖತೀಜಾಬಿ ಶೀಶೆಯನ್ನು ಹಿಂದಕ್ಕೆ ಎಳೆದುಕೊಂಡಳು. ವಿರೂಪಾಕ್ಷಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

“ಇದು ಸ್ವತಾ ಶಮಶೇರಸಾಬ. ದಿನಾ ಮುಂಜಾನೆ ನನ್ನ ಅಂಗಡ್ಯಾಗ ಮೆಣಸಿನಕಾಯಿ ಚೀಲದ ಮ್ಯಾಲೆ ಕುಂತು ಚಾ ಕುಡದು, ಆಮ್ಯಾಲೆ ತನ್ನ ಅಂಗಡಿ ತಗೀತಿದ್ದ. ಈಗ ಬಂದು ಬಾಜೂಕ ಕುಂತಂಗ ಆತು.”

ಆಗ ಅವಳಿಗೆ ಹೊಳೆಯಿತು. ಊರಿನವರಿಗೆ ಆ ಅತ್ತರು ಗೊತ್ತಿದ್ದದ್ದು ಶೀಶೆಯಿಂದ, ತನಗೆ ಗೊತ್ತಿದ್ದದ್ದು ಗಂಡನ ಮೈಯಿಂದ. ಎದ್ದು ಹೋಗಿ ಮೂಲೆಗಿಟ್ಟಿದ್ದ ಮೊದಲಿನ ಶೀಶೆಯನ್ನು ತಂದು ಮುಂದಿಟ್ಟಳು. ವಿರೂಪಾಕ್ಷಪ್ಪ ಹೊಸ ಹತ್ತಿ ಅದ್ದಿದ, ಮೂಸಿದ, ಕೇಳದೆಯೇ ಕಿವಿಯಲ್ಲಿ ಸಿಕ್ಕಿಸಿಕೊಂಡ. ಇದೇ ಅಂದ. ಆ ಶೀಶೆಯಲ್ಲಿ ಕಡಿಮೆಯಿದ್ದದ್ದು ಗಂಡನೊಬ್ಬನೇ. ಅವನನ್ನು ತೆಗೆದಿಟ್ಟರೇ ಅಂಗಡಿ ನಡೆಯುತ್ತದೆ ಎಂಬುದು ಅವಳಿಗೆ ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ, ಆದರೆ ಇಳಿಯಿತು.

ಕಪಾಟು ಉಳಿಯಿತು. ಈದ್ ಹತ್ತಿರವಾದಂತೆ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಶಾನವಾಜ ತನ್ನ ಮೊಬೈಲಿನ ಸಾಮಾನಿಗೆ ಅಂಗಡಿಯ ಒಂದು ಗೋಡೆಯನ್ನಷ್ಟೇ ಇಟ್ಟುಕೊಂಡು, ಉಳಿದ ಹೊತ್ತು ಶೀಶೆ ತುಂಬುತ್ತಿದ್ದ. ತೊಟ್ಟಿನ ಅತ್ತರನ್ನೂ ಇಡೋಣ, ಮಾರುಕಟ್ಟೆಯವರು ಮುಗಿಬಿದ್ದು ಒಯ್ಯುತ್ತಾರೆ ಎಂದು ಆಸೆಪಟ್ಟ.

“ಅದು ಬ್ಯಾಡ. ಅಂಗಡಿಗೆ ಅತ್ತರ ಸಾಕು,” ಅಂದಳು ಖತೀಜಾಬಿ. “ನಿಮ್ಮಪ್ಪ ಮನ್ಯಾಗ ಇರಲಿ.”

ರಂಜಾನ್ ಮುಗಿದ ಮೊದಲ ಶುಕ್ರವಾರ ಮಧ್ಯಾಹ್ನ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಿನ ಕಡೆಯಿಂದ ವಾಸನೆ ಬಂತು. ಊದು, ಲಾವಂಚ, ಮೇಲೊಂದಿಷ್ಟು ಘಾಟು.

“ಇವತ್ತ ಲಗೂ ಬಂದ್ರಿ,” ಅಂದಳು, ತಿರುಗಿ ನೋಡದೆ.

ತಿರುಗಿದರೆ ನಮಾಜ್ ಮುಗಿಸಿ ಬಂದ ಶಾನವಾಜ ಹೊಸ್ತಿಲಲ್ಲಿ ನಿಂತಿದ್ದ. ಕಿವಿಯ ಮಡಿಕೆಯಲ್ಲಿ ಹತ್ತಿ ಇತ್ತು. ಹೇಳದೆ ತೊಟ್ಟಿನ ಅತ್ತರು ಹಚ್ಚಿಕೊಂಡದ್ದಕ್ಕೆ ಬೈಗುಳ ಬಿದ್ದೀತೆಂದು ತಲೆ ತಗ್ಗಿಸಿದ್ದ. ಖತೀಜಾಬಿ ಅವನನ್ನು ಕಣ್ತುಂಬ ನೋಡಿದಳು, ಕೈಯ ಹಿಟ್ಟು ಒರೆಸಿಕೊಂಡಳು, ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ ಅವನನ್ನು ಬಾಜೂಕ ಕೂರಿಸಿಕೊಂಡಳು.